ಗೋಬಿ ಮೀನಿಗೆ ಹಳೇ ನೀರು ಬೇಡಿದ್ದು

ನೀವಿಬ್ಬರೂ ಬೇಸಿಗೆ ರಜೆಗೆ ನಿಮ್ಮ ಅವ್ವನ ತವರಿಗೆ ಹೋಗಿದ್ದ ವರ್ಷ ನಮ್ಮ ಗೋಬಿ ಮೀನು ಸಾಯುವ ಹಂತಕ್ಕೆ ಹೋಗಿ ಬಂತು. ಅದು ನನ್ನ ಕೈಯಿಂದಲೇ ಆದದ್ದು. ನೀವು ತಿರುಗಿ ಬಂದಾಗ ಮೀನು ಆರಾಮಾಗಿತ್ತು. ನೀವು ಹೆಚ್ಚು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಮ್ಮ ಅಪ್ಪನಿಗೆ ಅರ್ಧ ಗೊತ್ತು, ಓಣಿಯ ಹೆಂಗಸರಿಗೆ ಪೂರ್ತಿ ಗೊತ್ತು. ನಿಮಗೆ ಮಾತ್ರ ಗೊತ್ತಿಲ್ಲದೆ ಇರುವುದು ಸರಿಯಲ್ಲ ಅನ್ನಿಸಿ ಬರೆಯಲು ಕುಳಿತಿದ್ದೇನೆ. ಬಾಯಿಂದ ಹೇಳಲು ಹೋದರೆ ನಡುವೆಯೇ ಸಣ್ಣವನು ನಗುತ್ತಾನೆ, ನಾನು ನಿಲ್ಲಿಸಿಬಿಡುತ್ತೇನೆ. ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತದ್ದು ಇಂಥದ್ದಕ್ಕಾದರೂ ಉಪಯೋಗವಾಗಲಿ.

ಸಣ್ಣವನಿಗೆ ಆಗ ಐದು ವರ್ಷ. ಅವನಿಗೆ ನೆನಪಿರಲಿಕ್ಕಿಲ್ಲ, ಅದಕ್ಕೆ ಮೊದಲಿನಿಂದ ಹೇಳುತ್ತೇನೆ.

ಗೋಪನಕೊಪ್ಪದ ಈ ಮನೆಯ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಮೊದಲೇ ಇತ್ತು. ಅದರಲ್ಲಿ ನಾಲ್ಕು ಕರಿ ಮೀನುಗಳಿದ್ದವು. ಒಂದು ಭಾನುವಾರ ನಿಮ್ಮ ಅಪ್ಪ ದೊಡ್ಡವಳನ್ನು ಕರೆದುಕೊಂಡು ಮೀನಿನ ಅಂಗಡಿಗೆ ಹೋದ. ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಗೇಣಿಗಿಂತ ಉದ್ದದ, ರಿಬ್ಬನ್ನಿನಂಥ ಒಂದು ಪ್ರಾಣಿ ಸುತ್ತಿಕೊಂಡು ಮಲಗಿತ್ತು.

"ಹಾವು ತಂದೀಯೇನೋ ಮನೀಗೆ?" ಅಂದೆ.

"ಹಾವಲ್ಲ ಆಯಿ, ಡ್ರ್ಯಾಗನ್ ಗೋಬಿ!" ಅಂತ ದೊಡ್ಡವಳು ಕುಣಿದಳು.

ಒಳಗಿನಿಂದ ಬಂದ ನಿಮ್ಮ ಅವ್ವ, "ಗೋಬಿ ಅಂದಕೂಡ್ಲೆ ನಾ ಪ್ಲೇಟ್ ತಗೊಂಡು ಬಂದ್ನಿ, ಇದನ್ಯಾರು ತಿಂತಾರ!" ಅಂದಳು.

ಅದರ ಮುಖ ನೋಡಿದರೆ ಯಾರಿಗಾದರೂ ಹೆದರಿಕೆ ಬರಬೇಕು. ಅಗಲವಾದ ಬಾಯಿ, ಹೊರಗೆ ಕಾಣುವ ಹಲ್ಲು, ಸಾಸಿವೆ ಕಾಳಿನಷ್ಟು ಕಣ್ಣು. ಮೈ ಬೂದಿ ಬಣ್ಣದ್ದು, ಆದರೆ ಕಿಟಕಿಯ ಬಿಸಿಲು ಬಿದ್ದಾಗ ನೇರಳೆ ಹಣ್ಣಿನ ಮೇಲಿನ ಹೊಳಪು ಬರುತ್ತಿತ್ತು. ಹೆಸರಿಡುವ ವಿಷಯಕ್ಕೆ ನೀವಿಬ್ಬರೂ ವಾರಗಟ್ಟಲೆ ಜಗಳಾಡಿದಿರಿ. ಜಗಳ ತೀರಲಿಲ್ಲ, ಅದು ಗೋಬಿಯಾಗಿಯೇ ಉಳಿಯಿತು. ಅದು ಉಳಿದ ಮೀನುಗಳನ್ನು ನುಂಗುತ್ತದೆ ಎಂದು ಸಣ್ಣವನು ದಿನಾ ಬೆಳಿಗ್ಗೆ ಎದ್ದು ಕರಿ ಮೀನು ಎಣಿಸುತ್ತಿದ್ದ. ನಾಲ್ಕೂ ಇರುತ್ತಿದ್ದವು.

ನಾನು ಹಗಲೆಲ್ಲ ಆ ಪೆಟ್ಟಿಗೆಯ ಎದುರೇ ಕುಳಿತು ಕಾಳು ಹಸನು ಮಾಡುವವಳು. ಹದಿನೈದು ದಿನದಲ್ಲಿ ನನಗೆ ಒಂದು ಗೊತ್ತಾಯಿತು: ಅದು ಯಾರನ್ನೂ ತಿನ್ನುವುದಿಲ್ಲ, ಏನನ್ನೂ ತಿನ್ನುವುದಿಲ್ಲ. ನೀವು ಮೇಲೆ ಉದುರಿಸಿದ ಮೀನಿನ ಕಾಳನ್ನು ಕರಿ ಮೀನುಗಳು ಗಬಗಬ ಮುಗಿಸುತ್ತಿದ್ದವು. ಗೋಬಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಮೇಲೆ ಏಳುವ ಚುರುಕೂ ಇಲ್ಲ. ಅದು ತಳದಲ್ಲಿ ನೀಲಿ ಹರಳುಗಳನ್ನು ಬಾಯಿಂದ ಒತ್ತಿ ಒತ್ತಿ ನೋಡುತ್ತಿತ್ತು. ಹರಳು ದಪ್ಪ, ಬಾಯಿಗೆ ಹಿಡಿಯುತ್ತಿರಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿತ್ತು.

"ಅದು ಉಸುಕು ಹುಡುಕಾಕತ್ತೇತಿ" ಅಂದೆ ನಿಮ್ಮ ಅಪ್ಪನಿಗೆ.

"ನಿನಗ ಹೇಳೇತೇನ್ ಬೇ ಅದು?"

"ನೋಡಿದ್ರ ತಿಳೀತೈತಿ."

ಅವನು ಪಕ್ಕದ ಓಣಿಯಲ್ಲಿ ಮನೆ ಕಟ್ಟುತ್ತಿದ್ದವರನ್ನು ಕೇಳಿ ಒಂದು ಚೀಲ ಉಸುಕು ತಂದ. ನಾನು ಹಳೆಯ ಸಾಣಿಗೆಯಲ್ಲಿ ಅದನ್ನು ಸಾಣಿಸಿ, ಅಕ್ಕಿ ತೊಳೆದಂತೆ ತೊಳೆದೆ. ಎಷ್ಟು ನೀರು ಹಿಡಿಯಿತೋ, ನಿಮ್ಮ ಅವ್ವ ಬಕೆಟ್ ನೋಡಿ ನೋಡಿ ನಿಟ್ಟುಸಿರು ಬಿಟ್ಟಳು. ನೀಲಿ ಹರಳು ತೆಗೆದು ಉಸುಕು ಹಾಸಿದ ದಿನವೇ ಗೋಬಿ ಅದರಲ್ಲಿ ಹೊಕ್ಕು, ಮುಖ ಮಾತ್ರ ಹೊರಗಿಟ್ಟುಕೊಂಡು ಮಲಗಿತು. ಮರುದಿನ ಬಾಯಿ ತುಂಬ ಉಸುಕು ತೆಗೆದುಕೊಂಡು, ತಿನ್ನುವಂಥದ್ದನ್ನು ಒಳಗಿಟ್ಟು, ಉಳಿದದ್ದನ್ನು ಕಿವಿರಿನಿಂದ ಸಣ್ಣಗೆ ಸುರಿಸಿತು. ನಾನು ಹಿಟ್ಟು ಸಾಣಿಸುವುದನ್ನು ಅದು ಬಾಯಲ್ಲಿ ಮಾಡುತ್ತಿತ್ತು. ನನಗೆ ಅದರ ಮೇಲೆ ಪ್ರೀತಿ ಬಂದದ್ದು ಅವತ್ತು.

ಊಟದ ದಾರಿ ಹುಡುಕಲು ಇನ್ನೊಂದು ವಾರ ಹಿಡಿಯಿತು. ಹಸಿರು ಪಾಚಿ ಪುಡಿ ಕಲಸಿ ತಳಕ್ಕೆ ಮುಟ್ಟಿಸಬೇಕು ಎಂದು ಅಂಗಡಿಯವರು ನಿಮ್ಮ ಅಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದರು. ಮುಟ್ಟಿಸುವುದು ಹೇಗೆ? ನಿಮ್ಮ ಅಜ್ಜನ ಕಡೆಯ ದಿನಗಳಲ್ಲಿ ತಂದಿಟ್ಟ ಸಲೈನಿನ ನಳಿಕೆ ಒಂದು, ಒಡೆಯದೆ ಹಾಗೇ, ಕಪಾಟಿನಲ್ಲಿತ್ತು. ಅದರ ಒಂದು ತುದಿಯನ್ನು ಗೋಬಿಯ ಬಾಯಿಯ ಹತ್ತಿರ ಉಸುಕಿಗೆ ಊರಿದೆ. ಮೇಲಿನ ತುದಿಗೆ ಪುಡಿ ಕಲಸಿದ ನೀರನ್ನು ಹನಿಹನಿಯಾಗಿ ಬಿಡಲು ಮೂತಿ ಇರುವ ಸಾಮಾನು ಬೇಕಾಗಿತ್ತು. ಕೂಸಿಗೆ ಹಾಲು ಹಾಕುವ ಬೆಳ್ಳಿಯ ಒಳಲೆಗೆ ಎಷ್ಟು ಚೆಂದದ ಮೂತಿ ಇರುತ್ತದೆ ನಿಮಗೆ ಗೊತ್ತಲ್ಲ.

ನಿಮ್ಮ ಅವ್ವ ನೋಡಿ ಹೌಹಾರಿದಳು. "ಅತ್ತೀ, ಅದು ನಿಮ್ಮ ಮಗ ಹಾಲು ಕುಡದ ಒಳಲೆ ಐತ್ರಿ!"

"ಹೌದವಾ. ಅವನೂ ಹಿಂಗ ಮುಖಾ ತಿರುಗಸ್ತಿದ್ದ."

"ಮಕ್ಕಳಿಗೂ ಅದರಾಗ ಹಾಕೀರಿ."

"ಅವ್ರೂ ತಿರುಗಸ್ತಿದ್ರು."

ಅವಳಿಗೆ ನಗೆ ಬಂತು, ಹೋದಳು. ನಾಲ್ಕನೆಯ ದಿನ ಗೋಬಿ ನಳಿಕೆಯ ತುದಿಗೆ ಬಾಯಿ ಕೊಟ್ಟಿತು. ಆಮೇಲೆ ಒಳಲೆ ಗಾಜಿಗೆ ತಾಗಿದ ಸಪ್ಪಳವಾದರೆ ಸಾಕು, ಉಸುಕು ಕೊಡವಿಕೊಂಡು ಎದ್ದು ಬರುತ್ತಿತ್ತು. ಹೊಟ್ಟೆ ತುಂಬಿಕೊಂಡಿತು. ನೀವು ಊರಿಗೆ ಹೊರಟದ್ದು ಇಷ್ಟಾದ ಮೇಲೆ.

ಹೊರಡುವಾಗ ದೊಡ್ಡವಳು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ದಿನಕ್ಕೆ ಎರಡು ಸಲ ಊಟ. ವಾರಕ್ಕೆ ಸ್ವಲ್ಪ ನೀರು ಬದಲಿಸುವುದು. ತೆಗೆದಷ್ಟು ನೀರಿಗೆ ಕಲ್ಲುಪ್ಪು. ಗೋಬಿಗೆ ಸ್ವಲ್ಪ ಉಪ್ಪಿನ ನೀರೇ ಬೇಕು, ಅದು ನಿಮಗೆ ಗೊತ್ತು. ಚಪ್ಪಲಿ ಹಾಕಿಕೊಂಡವಳು ಮತ್ತೆ ಬಿಚ್ಚಿ ಒಳಗೆ ಬಂದಳು.

"ಆಯಿ, ನಾ ಬರೂತನಕ ಅದು ಇರಬೇಕ ನೋಡ."

"ಇರತೈತಿ ಹೋಗ."

"ಹಂಗಲ್ಲ. ಆಣಿ ಮಾಡು."

ನಾನು ಸುಮ್ಮಸುಮ್ಮನೆ ಆಣೆ ಮಾಡುವವಳಲ್ಲ. ಆದರೆ ಅವಳ ಕಣ್ಣು ತುಂಬಿತ್ತು. ಅವಳ ತಲೆಯ ಮೇಲೆ ಕೈಯಿಟ್ಟು ಮಾಡಿದೆ.

ಎರಡು ವಾರ ಎಲ್ಲ ಸರಿ ನಡೆಯಿತು. ಆಮೇಲೆ ನಳದ ನೀರು ಬಂತು.

ಆ ಸಲ ನೀರು ಬಂದದ್ದು ಒಂಬತ್ತು ದಿನದ ಮೇಲೆ. ನಮ್ಮ ಕಡೆ ನೀರು ಬರುವ ದಿನ ಹೇಗಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆಯೇ ಹಳೇ ನೀರಿನಲ್ಲಿ ಅಂಗಳ ತೊಳೆದು, ಚಾದರ ಒಗೆದು, ಉಳಿದದ್ದನ್ನು ಗಿಡಕ್ಕೆ ಸುರುವಿ, ಬ್ಯಾರಲ್ಲು ಕೊಡ ಹಂಡೆಗಳನ್ನೆಲ್ಲ ತಿಕ್ಕಿ ಬೋರಲು ಹಾಕಿ ಕಾಯುವುದು. ನೀರು ಬಂದ ಮೇಲೆ ಮನೆಯಲ್ಲಿ ಹಳೇ ನೀರು ಒಂದು ತಂಬಿಗೆ ಉಳಿದರೂ ಮೈಲಿಗೆ ಉಳಿದಂತೆ. ಮದುವೆಯಾಗಿ ಬಂದಾಗಿನಿಂದ ನಾನು ಹಾಗೇ ಮಾಡಿದವಳು. ಹತ್ತು ಗಂಟೆಗೆಲ್ಲ ಎಲ್ಲವನ್ನೂ ತುಂಬಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಪಡಸಾಲೆಗೆ ಬಂದೆ. ಪೆಟ್ಟಿಗೆಯ ನೀರು ಕಂಡಿತು. ತುಸು ಹಳದಿಯಾಗಿತ್ತು.

ಮನೆಯಲ್ಲಿ ಎಲ್ಲರಿಗೂ ಹೊಸ ನೀರು, ಈ ಜೀವಕ್ಕೆ ಮಾತ್ರ ಹಳೇದು ಅನ್ನಿಸಿತು. ಹಾಳೆಯಲ್ಲಿ ಸ್ವಲ್ಪ ನೀರು ಎಂದಿತ್ತು, ಓದಿದೆ. ಆಯಿಗೆ ಭಾರ ಎತ್ತಲು ಆಗುವುದಿಲ್ಲ ಎಂದು ಹುಡುಗಿ ಹಾಗೆ ಬರೆದಿದ್ದಾಳೆ ಅಂದುಕೊಂಡೆ. ನನಗೆ ಎತ್ತಲು ಆಗುತ್ತದೆ ಎಂದು ಅವಳಿಗೆ ತೋರಿಸಬೇಕೆಂಬ ಹಟವೂ ಇತ್ತೇನೋ. ಮೀನುಗಳು ಮುಳುಗುವಷ್ಟನ್ನು ತಳದಲ್ಲಿ ಬಿಟ್ಟು ಪೂರ್ತಿ ನೀರು ತೆಗೆದೆ. ನೀರು ಸೋಸುವ ಸ್ಪಂಜನ್ನೂ ನಳದ ಕೆಳಗೆ ತಿಕ್ಕಿ ತೊಳೆದೆ. ಆಗಷ್ಟೇ ಹಿಡಿದ ಹೊಸ ನೀರನ್ನು ಅಂಚಿನವರೆಗೆ ತುಂಬಿದೆ. ಉಪ್ಪು ಊಟದ ಮೇಲೆ ಹಾಕಿದರಾಯಿತು ಅಂದುಕೊಂಡೆ. ಗಾಜು ಫಳಫಳ ಹೊಳೆಯಿತು. ನೋಡಿ ಖುಷಿಪಟ್ಟು ರೊಟ್ಟಿ ಬಡಿಯಲು ಹೋದೆ.

ನಾಲ್ಕನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಏನೋ ಚಿಮ್ಮಿದ ಸಪ್ಪಳವಾಯಿತು. ಬಂದು ನೋಡಿದರೆ ಕರಿ ಮೀನುಗಳು ನಾಲ್ಕೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಗೋಬಿ ಉಸುಕಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಮೈ ಸುಣ್ಣದಂತೆ ಬಿಳುಚಿತ್ತು. ಕಿವಿರು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒಳಲೆಯಿಂದ ಗಾಜು ಬಡಿದೆ. ಅಲುಗಲಿಲ್ಲ.

ನಿಮ್ಮ ಅಪ್ಪನಿಗೆ ಫೋನ್ ಹಚ್ಚಿದೆ. ಅವನ ಕೆಲಸದ ಜಾಗದಲ್ಲಿ ಎಲ್ಲರ ಫೋನನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರೆ, ಎತ್ತಲಿಲ್ಲ. ನಿಮ್ಮ ಅವ್ವನಿಗೆ ಹಚ್ಚಲು ಕೈ ಬರಲಿಲ್ಲ, ಪಕ್ಕದಲ್ಲಿ ದೊಡ್ಡವಳು ಇರುತ್ತಾಳೆ. ಉಳಿದದ್ದು ಮೀನಿನ ಅಂಗಡಿ ಒಂದೇ. ದೊಡ್ಡ ರಸ್ತೆಯಲ್ಲಿ, ಹದಿನೈದು ನಿಮಿಷದ ದಾರಿ.

ನಿಮಗೆ ಇದು ದೊಡ್ಡ ಮಾತು ಅನ್ನಿಸಲಿಕ್ಕಿಲ್ಲ. ಆದರೆ ನಾನು ಒಬ್ಬಳೇ ಹೋಗಿ ಅಂಗಡಿಯವನೊಂದಿಗೆ ಮಾತಾಡಿದ್ದು ಬೆರಳೆಣಿಕೆಯಷ್ಟು ಸಲ. ನಿಮ್ಮ ಅಜ್ಜ ಇರುವವರೆಗೆ ಅವರು ಮಾತಾಡುತ್ತಿದ್ದರು, ನಾನು ಹಿಂದೆ ನಿಂತು ಚೀಲ ಹಿಡಿಯುತ್ತಿದ್ದೆ. ಸೀರೆಯ ಬಣ್ಣ ಬೇಡವಾದರೆ ಅವರ ಅಂಗಿಯ ತುದಿ ಜಗ್ಗುತ್ತಿದ್ದೆ, ಅಷ್ಟೇ. ಅವರು ಹೋದ ಮೇಲೆ ನಿಮ್ಮ ಅಪ್ಪ, ಆಮೇಲೆ ನಿಮ್ಮ ಅವ್ವ. ಅವತ್ತು ಜಗ್ಗಲು ಯಾರ ಅಂಗಿಯೂ ಇರಲಿಲ್ಲ. ಒಲೆ ಆರಿಸಿ, ತಂಬಿಗೆಯಲ್ಲಿ ಪೆಟ್ಟಿಗೆಯ ನೀರು ತುಂಬಿಕೊಂಡು, ಮೇಲೆ ಬಟ್ಟಲು ಮುಚ್ಚಿ, ತಲೆಯ ಮೇಲೆ ಸೆರಗು ಹೊದ್ದು ಬಿಸಿಲಲ್ಲಿ ಹೊರಟೆ. ಯಾಕೆ ನೀರು ಒಯ್ದೆ ಎಂದರೆ, ಬಾಯಿಂದ ಹೇಳಲು ಬರದಿದ್ದರೆ ತೋರಿಸಬಹುದು ಎಂದು.

ಅಂಗಡಿಯಲ್ಲಿ ಬಿಳಿ ಗಡ್ಡದ ಸಾಹೇಬರೊಬ್ಬರು ಕುಳಿತಿದ್ದರು. ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ.

"ಬರ್ರಿ ಅವ್ವಾರ, ಬಿಸಲಾಗ ಯಾಕ ನಿಂತೀರಿ? ಏನ್ ಬೇಕಾಗಿತ್ರಿ?"

ನಾನು ತಂಬಿಗೆ ಮುಂದೆ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ನೀರು ನನಗೇನ್ರಿ? ಭಾಳ ಛಲೋ ಆತು, ಬಾಯಿ ಒಣಗಿತ್ತು."

"ಅಯ್ಯ, ಕುಡೀಬ್ಯಾಡ್ರಿ!" ನನ್ನ ದನಿ ರಸ್ತೆಯವರೆಗೆ ಕೇಳಿತು. "ಮೀನಿನ ನೀರ್ರೀ ಅದು. ಗೋಬಿ ಮಗ್ಗಲಾಗಿ ಬಿದ್ದೈತ್ರಿ."

ಆಮೇಲೆ ಮಾತು ಹೇಗೋ ಹೊರಗೆ ಬಂತು. ಅವರು ನೀರನ್ನು ಮೂಗಿನ ಹತ್ತಿರ ಹಿಡಿದರು.

"ಇವತ್ತ ನಳಾ ಬಂದಿತ್ತೇನ್ರಿ ನಿಮ್ಮಲ್ಲಿ?"

"ಬಂದಿತ್ರಿ."

"ಬ್ಲೀಚಿಂಗ್ ವಾಸನಿ ನೋಡ್ರಿ. ಎಷ್ಟು ಬದಲಿ ಮಾಡಿದ್ರಿ?"

"ಎಲ್ಲಾ."

"ಎಲ್ಲಾ?"

"ಸ್ಪಂಜೂ ತೊಳದ್ನಿ. ಆದ್ರ ಸಾಬೂನು ಹಚ್ಚಿಲ್ರಿ."

ಸಾಹೇಬರು ಗಡ್ಡದ ಮೇಲೆ ಕೈ ಆಡಿಸಿಕೊಂಡರು. ನಗು ತಡೆಯುತ್ತಿದ್ದರೋ ಸಿಟ್ಟು ತಡೆಯುತ್ತಿದ್ದರೋ ತಿಳಿಯಲಿಲ್ಲ. "ಅವ್ವಾರ, ನಮಗ ಹೊಸಾ ನೀರು ಛಲೋ. ಮೀನಿಗೆ ಹಳೇದ ಛಲೋ. ನಾಕ ದಿನಾ ತೆರದಿಟ್ಟ ನೀರಾಗ ಆ ಔಷಧಿ ಹಾರಿ ಹೋಗಿರತೈತಿ. ಆ ಔಷಧಿ ತಗ್ಯಾಕ ನೀರಿಗೆ ಹಾಕೋ ಹನಿ ಬರ್ತಾವ, ಆದ್ರ ನನ್ನ ಕಡೆ ತೀರ್‍ಯಾವ, ನಾಳಿಗೆ ಬರೋದು. ನೀವು ಲಗೂ ಹೋಗಿ ಮುಕ್ಕಾಲು ನೀರು ತಗದು, ಮನ್ಯಾಗಿನ ಹಳೇ ನೀರು ಹಾಕ್ರಿ. ಗಾಳಿ ಮಷೀನ್ ಬಂದ್ ಮಾಡಬ್ಯಾಡ್ರಿ."

"ಉಪ್ಪು?"

"ಸಾರು ಮಾಡ್ತೀರಲ್ಲ, ಅದಕ್ಕ ಹಾಕೋದರ ಅರ್ಧಾ ರುಚಿ. ಒಮ್ಮೆಲೇ ಬ್ಯಾಡ, ಸಂಜೀತನಕ ಸ್ವಲ್ಪ ಸ್ವಲ್ಪ."

ಅರ್ಧ ದಾರಿ ಬಂದ ಮೇಲೆ ನೆನಪಾಯಿತು. ಮನೆಯಲ್ಲಿ ಹಳೇ ನೀರು ಎಲ್ಲಿದೆ? ಬೆಳಿಗ್ಗೆ ಅಂಗಳಕ್ಕೆ ಸುರುವಿದ್ದೆ. ತಂಬಿಗೆಯಷ್ಟೂ ಉಳಿಸದೆ ತಿಕ್ಕಿ ತೊಳೆದವಳು ನಾನೇ. ದೊಡ್ಡವಳ ತಲೆಯ ಬಿಸುಪು ಅಂಗೈಯಲ್ಲಿ ಇನ್ನೂ ಇದ್ದಂತಿತ್ತು.

ಓಣಿಯಲ್ಲಿ ಮೊದಲ ಮನೆಯ ಬಾಗಿಲು ಬಡಿದೆ. ಈ ಓಣಿಗೆ ಬಂದ ಹತ್ತು ವರ್ಷದಲ್ಲಿ ನಾನಾಗಿ ಆ ಬಾಗಿಲು ಬಡಿದದ್ದು ಅದೇ ಮೊದಲು. "ಹಳೇ ನೀರು ಐತೇನ್ರಿ?" ಅಂದೆ. ಅವರು ಗಾಬರಿಯಾದರು. "ಯಾಕ್ರಿ, ನಿಮ್ಮ ನಳಕ್ಕ ನೀರು ಬರಲಿಲ್ಲೇನು? ಹೊಸಾದು ಒಯ್ರಿ ಎರಡು ಕೊಡ." ಬೇಡ, ಹಳೇದೇ ಬೇಕು ಅಂದೆ. ಅವರ ಮನೆಯಲ್ಲಿ ಇರಲಿಲ್ಲ. ಎರಡನೆಯ ಮನೆಯಲ್ಲೂ ಇರಲಿಲ್ಲ. ಮೂರನೆಯವರು ಅರ್ಧ ಬಕೆಟ್ ಕೊಟ್ಟರು, ಅದರಲ್ಲಿ ಮಾಪು ಅದ್ದಿದ್ದರು, ತಿರುಗಿ ಕೊಟ್ಟು ಬಂದೆ. ನಮ್ಮ ಎದುರುಮನೆಯಾಕೆಯ ಬಾಯಿ ನಿಮಗೆ ಗೊತ್ತಲ್ಲ, ಆಕೆ ಅಷ್ಟರಲ್ಲಿ ಕಟ್ಟೆಗೆ ಬಂದು ನಿಂತಿದ್ದಳು.

"ಏನ್ ಅಕ್ಕಾರ, ಬಾಯಾಗ ನಾಲಿಗಿ ಇಲ್ಲ ಅನ್ಕೊಂಡಿದ್ದೆ ನಿಮಗ. ಇವತ್ತ ಓಣಿ ತುಂಬ ನೀರು ಬೇಡಾಕತ್ತೀರಿ! ಹೊಸಾ ನೀರು ಬಂದ ದಿನ ಹಳೇ ನೀರು ಕೇಳೋರನ್ನ ಇವತ್ತ ನೋಡಿದ್ನಿ."

"ಮೀನು ಸಾಯಾಕತ್ತೈತಿ ತಂಗಿ. ಹುಡುಗಿಗೆ ಆಣಿ ಮಾಡೇನಿ."

ಆಕೆ ನಗುವುದನ್ನು ನಿಲ್ಲಿಸಿದಳು. ಓಣಿಯ ಕೊನೆಯ ಕಡೆ ಗದ್ದ ಎತ್ತಿ ತೋರಿಸಿ, "ಟೇಲರ್ ಮನೀಗೆ ಹೋಗ್ರಿ. ಬೆಳಿಗ್ಗಿಂದ ಅವರ ಅಂಗಳಾ ಒಣಾ ಐತಿ" ಅಂದಳು. ಅಂಗಳ ಒಣಗಿದ್ದರೆ ಹಳೇ ನೀರು ಚೆಲ್ಲಿಲ್ಲ ಎಂದರ್ಥ. ಅಂಥದ್ದು ಆಕೆಯ ಕಣ್ಣಿಗೆ ತಪ್ಪುವುದಿಲ್ಲ.

ಟೇಲರ್ ಮನೆಯ ಭಾಬಿ ಬಾಗಿಲನ್ನು ಅರ್ಧ ತೆರೆದರು. ನಾನು ಕೇಳಿದ್ದು ಕೇಳಿ ಅವರ ಮುಖ ಕೆಂಪಾಯಿತು.

"ಯಾರ್ ಹೇಳಿದ್ರಿ ನಿಮಗ? ಮಗಳ ಬಾಣಂತನ ನಡದೈತಿ ಅಕ್ಕಾರ. ಕೂಸು ರಾತ್ರಿ ಎಲ್ಲಾ ಮಲಗಂಗಿಲ್ಲ. ಇವತ್ತ ದೊಡ್ಡ ಬ್ಯಾರಲ್ ತೊಳ್ಯಾಕ ಆಗ್ಲೇ ಇಲ್ರಿ. ಸಣ್ಣವಷ್ಟ ತುಂಬೀನಿ. ಓಣ್ಯಾಗ ಹೇಳಬ್ಯಾಡ್ರಿ ಮತ್ತ."

"ಎಷ್ಟು ದಿನದ್ದೈತ್ರಿ?"

"ಹೋದ ಸರ್ತಿ ನೀರು ಬಂದಾಗಿಂದು." ಅವರು ನೆಲ ನೋಡುತ್ತ ಹೇಳಿದರು.

ಒಂಬತ್ತು ದಿನದ ನೀರು. ಹಿತ್ತಲಲ್ಲಿ, ತೆಳುವಾದ ಹಳೆಯ ಸೀರೆ ಮುಚ್ಚಿದ ಬ್ಯಾರಲ್ಲಿನಲ್ಲಿ ಮುಕ್ಕಾಲು ಭಾಗ, ತಳದ ಗೆರೆ ಕಾಣುವಷ್ಟು ತಿಳಿಯಾಗಿ. ನಾನು ಭಾಬಿಯ ಕೈ ಹಿಡಿದುಕೊಂಡುಬಿಟ್ಟೆ. ಅವರಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ ಪಾಪ.

ಮುಂದಿನ ಅರ್ಧ ತಾಸು ನಾವು ಮೂವರು ಕೊಡ ಹೊತ್ತೆವು: ನಾನು, ಭಾಬಿ, ಎದುರುಮನೆಯಾಕೆ. ಆಕೆಯನ್ನು ಯಾರೂ ಕರೆದಿರಲಿಲ್ಲ, ಕೊಡ ಹಿಡಿದುಕೊಂಡೇ ಬಂದಿದ್ದಳು. ನಾನು ಬ್ಲೀಚಿಂಗ್ ನೀರನ್ನು ಮೊಗೆದು ತೆಗೆಯುವುದು, ಅವರು ಹಳೇದನ್ನು ಗಾಜಿನ ಅಂಚಿಗೆ ಸಣ್ಣಗೆ ಬಿಡುವುದು. "ಮೆಲ್ಲಕ, ಮೆಲ್ಲಕ" ಅಂತ ನಾನು ಹೇಳುತ್ತಿದ್ದೆ, "ಬಾಣಂತಿಗೆ ನೀರು ಹಾಕಿದಂಗ ಹಾಕಾಕತ್ತೇವ್ರಿ, ಸುಮ್ನಿರ್ರಿ" ಅಂತ ಆಕೆ ಗದರುತ್ತಿದ್ದಳು. ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಬಟ್ಟಲು ಬಟ್ಟಲಾಗಿ ಬಿಟ್ಟೆ. ಪ್ರತಿ ಸಲ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ನೋಡಿದೆ. ನಲವತ್ತು ವರ್ಷ ಸಾರಿನ ಉಪ್ಪು ನೋಡಿದ ನಾಲಿಗೆ, ಅದೊಂದರಲ್ಲಿ ನನಗೆ ಹಿಂಜರಿಕೆ ಇರಲಿಲ್ಲ.

ಕರಿ ಮೀನುಗಳು ಬೇಗ ಚೇತರಿಸಿಕೊಂಡವು. ಗೋಬಿ ಮಗ್ಗುಲಾಗಿಯೇ ಇತ್ತು. ಹೆಂಗಸರಿಬ್ಬರೂ ಹೋಗಲಿಲ್ಲ. ಚಹಾ ಮಾಡಿದೆ. ಕರಕಲಾದ ನಾಲ್ಕನೆಯ ರೊಟ್ಟಿಯನ್ನು ಎದುರುಮನೆಯಾಕೆ ಹಂಚಿನಿಂದ ಕಿತ್ತು ತೆಗೆದಳು, ಉಳಿದ ಮೂರನ್ನು ಮೂವರೂ ತಿಂದೆವು. ಇಳಿಬಿಸಿಲು ಪೆಟ್ಟಿಗೆಗೆ ತಾಗುವ ಹೊತ್ತಿಗೆ ಭಾಬಿ, "ಅಕ್ಕಾರ, ನೋಡ್ರಿ ಇಲ್ಲೆ" ಅಂದರು. ಗೋಬಿ ಹೊಟ್ಟೆ ಕೆಳಗೆ ಮಾಡಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಬಾಲವನ್ನು ಉಸುಕಿಗೆ ತೂರಿಸಿತು.

ಆಗಲೇ ನಿಮ್ಮ ಅಪ್ಪ ಬಂದ. ಬಾಗಿಲಲ್ಲಿ ಏಳು ಕೊಡ, ಒಳಗೆ ಮೂವರು ಹೆಂಗಸರು ಗಾಜಿಗೆ ಮೂಗು ಹಚ್ಚಿ ಕುಳಿತಿದ್ದೇವೆ.

"ಏನ್ ಯವ್ವಾ, ಮನ್ಯಾಗ ಏನ್ ಕಾರ್ಯೈತಿ?"

"ನಿಮ್ಮವ್ವಾರು ಮೀನಿಗೆ ಎಣ್ಣಿನೀರು ಹಾಕ್ಯಾರ" ಅಂದಳು ಎದುರುಮನೆಯಾಕೆ. ಅವನಿಗೆ ಅರ್ಧ ಮಾತ್ರ ಗೊತ್ತು ಅಂದೆನಲ್ಲ, ಆ ಅರ್ಧ ಅದೇ.

ಎರಡು ದಿನ ಗೋಬಿ ಏನೂ ಮುಟ್ಟಲಿಲ್ಲ. ನಾನು ಒಳಲೆ ಹಿಡಿದು ಕುಳಿತೇ ಇದ್ದೆ. ಮೂರನೆಯ ದಿನ ಬೆಳಿಗ್ಗೆ ಬೆಳ್ಳಿಯ ಸಪ್ಪಳಕ್ಕೆ ಉಸುಕು ಅಲುಗಿತು, ಆ ಕುರೂಪಿ ಮುಖ ಹೊರಗೆ ಬಂತು, ನಳಿಕೆಗೆ ಬಾಯಿ ಕೊಟ್ಟಿತು. ಅಷ್ಟು ಚೆಂದದ ಮುಖ ನಾನು ನೋಡಿಲ್ಲ.

ನೀವು ಬಂದ ದಿನ ದೊಡ್ಡವಳು ಚೀಲವನ್ನೂ ಇಳಿಸದೆ ಪೆಟ್ಟಿಗೆಯ ಹತ್ತಿರ ಓಡಿದಳು.

"ಆಯಿ, ದಪ್ಪ ಆಗೇತಿ! ಖರೇನ ದಪ್ಪ ಆಗೇತಿ!" ಆಮೇಲೆ ಕಣ್ಣು ಕಿರಿದು ಮಾಡಿ, "ಬಾಲದ ತುದಿ ಯಾಕ ಹರದೈತಿ?" ಎಂದಳು.

"ಕರಿ ಮೀನು ಕಚ್ಚಿರಬೇಕು" ಅಂದೆ.

ನಿಮಗೆ ನಾನು ಹೇಳಿದ ಸುಳ್ಳು ಅದೊಂದೇ, ಇವತ್ತು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಕರಿ ಮೀನುಗಳ ತಪ್ಪಿಲ್ಲ, ಬಾಲದ ತುದಿ ಹರಿದದ್ದು ನಾನು ಹಾಕಿದ ಆ ಬ್ಲೀಚಿಂಗ್ ನೀರಿಗೆ. ಸಣ್ಣವನು ಅವನ್ನು ಒಂದು ವಾರ ಬೈದ, ಅವು ಪಾಪ ಸುಮ್ಮನೆ ಬೈಸಿಕೊಂಡವು. ಬಾಲದ ತುದಿ ಮತ್ತೆ ಬೆಳೆದಿದೆ, ತುಸು ಸೊಟ್ಟಗೆ. ಈಗ ಮೊಳದುದ್ದ ಆಗಿರುವ ಗೋಬಿ ಬಿಸಿಲಿಗೆ ತಿರುಗಿದಾಗ ನೋಡಿ, ಕಾಣುತ್ತದೆ.

ಬಚ್ಚಲ ಪಕ್ಕದ ನೀಲಿ ಬ್ಯಾರಲ್ಲನ್ನು ನಾನು ಯಾಕೆ ತೊಳೆಯಲು ಬಿಡುವುದಿಲ್ಲ ಎಂದು ನಿಮ್ಮ ಅವ್ವ ಸದಾ ಕೇಳುತ್ತಾಳೆ. ಅದಕ್ಕೂ ಇದೇ ಉತ್ತರ. ಅದರಲ್ಲಿ ಗೋಬಿಗೆಂದು ಇಟ್ಟ ಹಳೇ ನೀರು ಕಡಿಮೆಯಾದರೂ ಚಿಂತೆಯಿಲ್ಲ. ನೀರು ಬಂದ ದಿನ ನಾನು ಕಟ್ಟೆಗೆ ಬರುವ ಮೊದಲೇ ಎದುರಿನಿಂದ ಕೂಗು ಬರುತ್ತದೆ: "ಅಕ್ಕಾರ, ಹಳೇ ನೀರು ಚೆಲ್ಲಾಕತ್ತೇನಿ, ನಿಮ್ಮ ಗೋಬಿ ಮಗಗ ನೀರಡಿಕಿ ಆಗಿಲ್ಲಲ್ರಿ?" ಓಣಿಯ ಕೊನೆಯಿಂದ ಭಾಬಿಯ ಮೊಮ್ಮಗಳು ಸಣ್ಣ ತಂಬಿಗೆಯಲ್ಲಿ ನೀರು ತುಳುಕಿಸುತ್ತ ಬರುತ್ತಾಳೆ. ಮನೆ ಮುಟ್ಟುವಾಗ ಅರ್ಧ ಇರುತ್ತದೆ. ಅದನ್ನೂ ಹಾಕುತ್ತೇನೆ.